ಕೈ ಮುಗಿಯುವುದೂ ಸ್ಟ್ರೈಕರ್‌ನ ಕೆಲಸ

2026ರ ಹೊಸ ವರ್ಷದ ಕ್ಯಾಲೆಂಡರ್‌ಗೆ ಇನ್ನೂ ಮೊಳೆ ಹೊಡೆದಿರಲಿಲ್ಲ, ಅಷ್ಟರಲ್ಲಿ ಆ ವಿಡಿಯೊ ಬಂತು. ನೀವೂ ನೋಡಿರುತ್ತೀರಿ. ಗುರ್‌ಪ್ರೀತ್, ಜಿಂಗನ್, ಗೋಲು ಹೊಡೆಯುವ ಸ್ಟ್ರೈಕರ್ ಸುನಿಲ್ ಛೆಟ್ರಿ, ಭಾರತ ತಂಡದ ಈ ಆಟಗಾರರು ಒಬ್ಬರಾದ ಮೇಲೊಬ್ಬರು ಬಂದು, ಲೀಗ್ ನಿಂತಿದೆ, ನಮ್ಮ ಫುಟ್‌ಬಾಲ್ ಉಳಿಸಿಕೊಡಿ ಎಂದು ಫಿಫಾಕ್ಕೆ ಮೊರೆ ಇಟ್ಟರು. ಮನೆಯಲ್ಲಿ ಯಜಮಾನ ಗಟ್ಟಿಮುಟ್ಟಾಗಿ ಕೂತಿರುವಾಗ ಮಕ್ಕಳು ಪಕ್ಕದೂರಿಗೆ ಹೋಗಿ ಊಟ ಕೇಳಿದ ಹಾಗಿತ್ತು.

ಛೆಟ್ರಿಗೆ ಈ ಕೆಲಸ ಹೊಸದಲ್ಲ. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5-0 ಅಂತರದಲ್ಲಿ ಹೊಡೆಯಿತು. ಮೂರು ಗೋಲು ಛೆಟ್ರಿಯದ್ದೇ. ನೋಡಿದವರು 2,569 ಜನ. ನಮ್ಮ ಕಡೆ ಜಾತ್ರೆಯ ಯಕ್ಷಗಾನದ ಆಟಕ್ಕೆ, ವೇಷ ಕಟ್ಟುವ ಚೌಕಿಯ ಹಿಂದೆ ಚಾ ಕುಡಿಯುವವರೇ ಅಷ್ಟು ಇರುತ್ತಾರೆ ಅನ್ನಿ. ಆಮೇಲೆ ಆತ ಮೊಬೈಲ್ ಎದುರು ನಿಂತು, ಬೈಯಿರಿ, ಟೀಕೆ ಮಾಡಿ, ಆದರೆ ಸ್ಟೇಡಿಯಮ್ಮಿಗೆ ಬನ್ನಿ ಎಂದು ಕೇಳಿಕೊಂಡ. ಜನ ಬಂದರು. ಜೂನ್ 4ರಂದು ಕೀನ್ಯಾ ಎದುರಿನ ಆಟಕ್ಕೆ ಮಳೆಯಲ್ಲೂ ಸ್ಟೇಡಿಯಂ ತುಂಬಿತು. ಅವತ್ತು ಅವನ ನೂರನೇ ಪಂದ್ಯ.

ಆಗ ಆಟ ಇತ್ತು, ನೋಡುವವರಿರಲಿಲ್ಲ. ಈ ವಿಡಿಯೊ ಬಂದಾಗ ಆಡುವವರಿದ್ದರು, ನೋಡುವವರಿದ್ದರು, ಆಟವೇ ಇರಲಿಲ್ಲ. ಎಂಟು ವರ್ಷದಲ್ಲಿ ಇಷ್ಟು ಸಾಧನೆ ಕಮ್ಮಿಯೇನಲ್ಲ.

ಕತೆ ಗೊತ್ತೇ ಇದೆ, ಬೇಗ ಮುಗಿಸುತ್ತೇನೆ. 2010ರಲ್ಲಿ ದೇಶದ ಫುಟ್‌ಬಾಲ್ ನಡೆಸುವ ಫೆಡರೇಶನ್ 15 ವರ್ಷಕ್ಕೆ 700 ಕೋಟಿ ರೂಪಾಯಿಯ ಒಪ್ಪಂದ ಮಾಡಿ ವ್ಯಾಪಾರದ ಹಕ್ಕನ್ನು ಖಾಸಗಿ ಕಂಪನಿಗೆ ಬಿಟ್ಟುಕೊಟ್ಟಿತು. ಹದಿನೈದು ವರ್ಷದ ಒಪ್ಪಂದ ಹದಿನೈದನೇ ವರ್ಷಕ್ಕೆ ಮುಗಿಯುತ್ತದೆ ಎಂಬ ಆಘಾತಕಾರಿ ಸುದ್ದಿ ದೊಡ್ಡವರಿಗೆ 2025ರಲ್ಲಿ ತಿಳಿಯಿತು. ಜುಲೈಯಲ್ಲಿ ಐಎಸ್‌ಎಲ್, ಅಂದರೆ ದೇಶದ ದೊಡ್ಡ ಫುಟ್‌ಬಾಲ್ ಲೀಗ್, ನಿಂತಿತು. ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಪಗಾರ ನಿಲ್ಲಿಸಿತು. ನವೆಂಬರ್‌ನಲ್ಲಿ ಅದೇ ಹಕ್ಕಿನ ಹೊಸ ಟೆಂಡರ್‌ನ ಗಡುವು ಮುಗಿಯಿತು. ಒಂದು ಬಿಡ್ಡೂ ಬರಲಿಲ್ಲ. ಡಿಸೆಂಬರ್ 8ಕ್ಕೆ ಹಳೇ ಒಪ್ಪಂದವೂ ಕಣ್ಣು ಮುಚ್ಚಿತು.

ಒಂದು ಬಿಡ್ಡೂ ಬರಲಿಲ್ಲ ಅನ್ನೋದು ನನಗಿನ್ನೂ ಜೀರ್ಣವಾಗಿಲ್ಲ. ಕಾರವಾರದವರಿಗೆ ಹರಾಜು ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ನಮ್ಮ ಮೀನುಗಾರಿಕೆ ಬಂದರು ಬೈತಖೋಲಿನಲ್ಲಿ ಬೋಟು ಬಂತು ಅಂದರೆ ಇಸವಣಕ್ಕೆ ಒಂದು ರೇಟು, ಬಂಗುಡೆಗೆ ಒಂದು ರೇಟು. ಯಾರೂ ತಿನ್ನದ ಸಣ್ಣ ಮೀನನ್ನೂ ಫಿಶ್‌ಮೀಲ್ ಕಾರ್ಖಾನೆಯವರು ಒಯ್ಯುತ್ತಾರೆ. ಶಿರಸಿಯ ಭಾವನಿಗೆ ಫೋನು ಮಾಡಿ ಹೇಳಿದೆ. ಅವನಿಗೂ ಫುಟ್‌ಬಾಲಿಗೂ ಸಂಬಂಧ ಇಲ್ಲ, ಆದರೆ ಟೆಂಡರ್ ಅಂದರೆ ಕಿವಿ ನೆಟ್ಟಗಾಗುತ್ತದೆ. "ಅಲ್ದಾ ಭಾವ, ನಮ್ಮ ಕಳಪೆ ಕೋಕಾ ಅಡಿಕೆಗೂ ಒಂದು ರೇಟು ಇದ್ದು. ಇದಕ್ಕೆ ಅದೂ ಇಲ್ಯಾ?" ಎಂದ. ಆಮೇಲೆ ಅರ್ಧ ಗಂಟೆ ಬಿಳಿಗೋಟು, ಕೆಂಪುಗೋಟಿನ ದರದ ಬಗ್ಗೆ ಮಾತಾಡಿದ. ಸುಮ್ನೆ ಕೇಳಿಸಿಕೊಂಡೆ. ಅಲ್ಲಿ ಮಾರುಕಟ್ಟೆ ಇದೆಯಲ್ಲ ಎಂಬುದೇ ಸಮಾಧಾನ.

ಯಕ್ಷಗಾನ ಮೇಳದವರನ್ನಾದರೂ ಒಂದು ಮಾತು ಕೇಳಬಹುದಿತ್ತು. ಮಳೆಗಾಲಕ್ಕೆ ಗೆಜ್ಜೆ ಬಿಚ್ಚುವ ಹೊತ್ತಿಗೇ ಮುಂದಿನ ತಿರುಗಾಟಕ್ಕೆ ಯಾರು ಯಾವ ಮೇಳ, ಯಾರಿಗೆ ಎಷ್ಟು ಮುಂಗಡ ಎಂಬ ಮಾತು ನಡೆದಿರುತ್ತದೆ. ಜಗಳ ಅಲ್ಲೂ ಇದೆ. ಆದರೆ ಮೇಳ ಹೊರಡುತ್ತದೋ ಇಲ್ಲವೋ ಎಂದು ಬಣ್ಣ ಹಚ್ಚಿ ಕೂತವರು ಜನವರಿವರೆಗೆ ಕಾಯುವುದಿಲ್ಲ.

ಹಾಗಂತ ದೇಶದಲ್ಲಿ ಫುಟ್‌ಬಾಲ್ ಸತ್ತಿತ್ತು ಅಂದುಕೊಳ್ಳಬೇಡಿ. ಅಕ್ಟೋಬರ್ 22ರಂದು ರೊನಾಲ್ಡೊ ಆಡುವ ಸೌದಿಯ ಅಲ್ ನಸ್ರ್ ತಂಡ ಗೋವಾದ ಫತೋರ್ಡಾ ಸ್ಟೇಡಿಯಮ್ಮಿಗೆ ಬಂತು. ನಮ್ಮ ಪಕ್ಕದ ಮನೆಯ ಹುಡುಗ ರೊನಾಲ್ಡೊನ ಏಳನೇ ನಂಬರಿನ ಅಂಗಿ ಹಾಕಿಕೊಂಡು ಮಡಗಾಂವ್ ರೈಲು ಹತ್ತಿದ. ರೊನಾಲ್ಡೊ ವಿಮಾನ ಹತ್ತಲಿಲ್ಲ. ಎಫ್‌ಸಿ ಗೋವಾ 1-2ರಲ್ಲಿ ಸೋತಿತು. ಗೋವಾದ ಆ ಒಂದು ಗೋಲು ಹೊಡೆದವನು ಅಲ್ಲಿಯದೇ ಹುಡುಗ ಬ್ರೈಸನ್ ಫರ್ನಾಂಡಿಸ್. ಅವನ ಕ್ಲಬ್ಬಿಗೆ ಆ ಹೊತ್ತಿಗೆ ಲೀಗ್ ಯಾವತ್ತು ಎಂಬುದೇ ಗೊತ್ತಿರಲಿಲ್ಲ.

ಒಪ್ಪಂದ ತೀರಿಕೊಂಡ ಐದನೇ ದಿನಕ್ಕೆ ಕೋಲ್ಕತ್ತಕ್ಕೆ ಮೆಸ್ಸಿ ಬಂದ. ಇನ್ನೂ ಸೂತಕವೂ ಕಳೆದಿರಲಿಲ್ಲ. ಅವನ 70 ಅಡಿಯ ಪ್ರತಿಮೆಯ ಅನಾವರಣವೂ ಆಯಿತು. (ನಮ್ಮ ಮುರ್ಡೇಶ್ವರದ ಶಿವ 123 ಅಡಿ. ಸುಮ್ನೆ ಹೇಳಿದೆ.) ಸಾವಿರಾರು ರೂಪಾಯಿ ಕೊಟ್ಟು ಬಂದವರಿಗೆ ಕಂಡದ್ದು ಗಣ್ಯರ ಬೆನ್ನು ಮಾತ್ರ. ಜನ ಸಿಟ್ಟಿಗೆ ಬಂದು ಕುರ್ಚಿ ಕಿತ್ತು ಮೈದಾನಕ್ಕೆ ಎಸೆದರು. ಆಡದೆ ಇರುವ ಆಟಗಾರನನ್ನು ನೋಡಲು ಸ್ಟೇಡಿಯಂ ತುಂಬಿತು. ಆಡುವವರಿಗೆ ಪಂದ್ಯ ಇರಲಿಲ್ಲ.

ಕೊನೆಗೆ 2026ರ ಜನವರಿಯಲ್ಲಿ ಕ್ರೀಡಾ ಸಚಿವರು ಹೇಳಿದರು, 14 ಕ್ಲಬ್, ಫೆಬ್ರವರಿ 14ರಿಂದ ಶುರು. ಮರುದಿನವೇ ಮಹಾಶಿವರಾತ್ರಿ. ಮುಹೂರ್ತ ಯಾರು ಇಟ್ಟರೋ. ಇದೇ ಫೆಡರೇಶನ್ ಒಬ್ಬ ಜ್ಯೋತಿಷಿ ಕಂಪನಿಗೆ 16 ಲಕ್ಷ ಕೊಟ್ಟಿದೆ ಎಂದು 2022ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಗೋಕರ್ಣಕ್ಕೆ ಬಂದಿದ್ದರೆ ನಮ್ಮ ಭಟ್ಟರು ಅದರ ನೂರರಲ್ಲೊಂದು ಪಾಲು ದಕ್ಷಿಣೆಗೆ ಒಪ್ಪಂದದ ಕೊನೆಯ ದಿನಾಂಕವನ್ನೂ ಓದಿ ಹೇಳುತ್ತಿದ್ದರು.

ತಮಾಷೆ ಸಾಕು. ಜೂನ್ 1ಕ್ಕೆ ಟ್ರಾಲರ್ ನಿಂತರೆ ಆಗಸ್ಟ್ 1ಕ್ಕೆ ಕಡಲಿಗೆ ಇಳಿಯಬಹುದು ಎಂದು ನಮ್ಮ ಬೋಟಿನ ಖಲಾಸಿಗೆ ಗೊತ್ತಿರುತ್ತದೆ. ಆ ಎರಡು ತಿಂಗಳಿಗೆ ಅಕ್ಕಿ, ಒಣಮೀನು ಕೂಡಿಟ್ಟುಕೊಳ್ಳುತ್ತಾನೆ. ಈ ಲೀಗಿನಲ್ಲಿ ದುಡಿಯುವವರಿಗೆ ಯಾರೂ ಆ ಒಂದು ದಿನಾಂಕ ಹೇಳಲಿಲ್ಲ. ಛೆಟ್ರಿ ವಿಡಿಯೊ ಮಾಡಿದರೆ ಲೋಕ ನೋಡುತ್ತದೆ. ಬಟ್ಟೆ ಒಗೆಯುವವ, ಹುಲ್ಲು ಕತ್ತರಿಸುವವ, ಕಾಲು ತಿಕ್ಕುವವ, ಬಸ್ ಓಡಿಸುವವ ವಿಡಿಯೊ ಮಾಡಿದರೆ ಯಾರು ನೋಡುತ್ತಾರೆ? ಇಷ್ಟೆಲ್ಲ ಆಗಿ, ನಾಳೆ ಸೀಟು ಖಾಲಿ ಕಂಡರೆ ಬೈಗುಳ ನಮಗೇ. ಭಾರತದ ಜನಕ್ಕೆ ಫುಟ್‌ಬಾಲ್ ಬೇಡ ಅಂತಾರೆ. ಎರಡು ಸಲವೂ ಕೈ ಮುಗಿದವರು ಆಡುವವರು. ನಡೆಸುವವರ ಕೈ ಒಮ್ಮೆಯಾದರೂ ಜೇಬಿನಿಂದ ಹೊರಗೆ ಬಂದದ್ದನ್ನು ನಾನು ಕಂಡಿಲ್ಲ.

ಪಕ್ಕದ ಮನೆಯ ಹುಡುಗ ಮತ್ತೆ ಫತೋರ್ಡಾಕ್ಕೆ ಹೊರಟಿದ್ದಾನೆ. "ಈ ಸಲ ಯಾರ ಅಂಗಿಯೋ?" ಅಂದೆ.

"ಬ್ರೈಸನ್‌ದು ಹುಡುಕಿದೆ ಮಾಮ. ಪೇಟೆ ತುಂಬ ರೊನಾಲ್ಡೊದೇ ಇದೆ."