ಪಡಸಾಲೆ ತುಂಬ ಗೋವಿನಜೋಳ, ಅಡುಗೆಗೆ ಮಾತ್ರ ಪ್ಯಾಕೆಟ್

ಇಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಮೆಕ್ಸಿಕೊ ಮೂಲದ ಅಜ್ಜಿಯೊಬ್ಬರಿದ್ದಾರೆ. ಅವರಿಗೆ ಊರಿನ ಫೋಟೊ ತೋರಿಸುತ್ತಿದ್ದೆ. ನಮ್ಮದು ರಾಣೆಬೆನ್ನೂರು ಕಡೆ, ಸುಗ್ಗಿ ಬಂತೆಂದರೆ ಅಂಗಳ, ರಸ್ತೆ ಎಲ್ಲ ಗೋವಿನಜೋಳ ಹರಡಿ ಹಳದಿ. ಅಜ್ಜಿಗೆ ಖುಷಿಯೋ ಖುಷಿ. "ಇಷ್ಟೊಂದು ಬೆಳೀತೀರಲ್ಲ, ಏನೇನು ಅಡುಗೆ ಮಾಡ್ತೀರಿ?" ಎಂದರು. ಕೋಳಿ ಫಾರಂಗೆ ಹೋಗುತ್ತೆ, ಸ್ಟಾರ್ಚ್ ಫ್ಯಾಕ್ಟರಿಗೆ ಹೋಗುತ್ತೆ ಎಂದೆ. ಅವರು ಸುಮ್ಮನಾದರು. ನನಗೆ ಅದು ಚುಚ್ಚಿತು.

ಹೋದ ಸಲ ಊರಿಗೆ ಹೋದಾಗ ನಡೆದದ್ದು ಕೇಳಿ. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ, ಅಷ್ಟು ಚೀಲ. ಮಕ್ಕಳು ಟೊಮೆಟೊ ಸೂಪ್ ಕೇಳಿದರು ಅಂತ ಅತ್ತಿಗೆ ಹುಡುಗನನ್ನು ಕಾರ್ನ್‌ಫ್ಲೋರ್ ತರಲು ಅಟ್ಟಿದರು, ಅವನು ಆ ಚೀಲಗಳನ್ನೇ ದಾಟಿಕೊಂಡು ಹೋದ. ಅಂಗಡಿ ಮುಚ್ಚಿತ್ತು. ಸೂಪೇ ಆಗಲಿಲ್ಲ! ಸಾರಿಗೆ ಅಕ್ಕಿ ನೆನೆಸಿ ಕಾಯಿ ಜೊತೆ ರುಬ್ಬಿ ಹಾಕುವ ಜನ ಅಲ್ವಾ ನಾವು? ಒಂದು ಚಮಚ ಕಾರ್ನ್‌ಫ್ಲೋರ್ ಬದಲು ಎರಡು ಚಮಚ ಅಕ್ಕಿಹಿಟ್ಟು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಸ್ವಲ್ಪ ಜಾಸ್ತಿ ಹೊತ್ತು ಕುದಿಸಿದರೆ ಮುಗೀತು. ಮಲೆನಾಡಿನವರಿಗೆ ಕೂವೆ ಹಿಟ್ಟಿದೆ, ಅದಂತೂ ಇನ್ನೂ ನುಣುಪು. ಕಾರ್ನ್‌ಫ್ಲೋರೇ ಬೇಕೆಂದರೆ ಕಾಳು ಚೆನ್ನಾಗಿ ನೆನೆಸಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಾಲು ತಳ ಕೂತ ಮೇಲೆ ನೀರು ಬಸಿದು ಒಣಗಿಸಬೇಕು. ಹಾಲುಬಾಯಿಗೆ ರಾಗಿ ಹಾಲು ತೆಗೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಜ್ಜಿ ಮಾಡುವುದು ಬೇರೆಯೇ ಹಿಟ್ಟು. ಒಂದು ಕಿಲೋ ಒಣ ಕಾಳಿಗೆ ಸುಮಾರು 10 ಗ್ರಾಂ ತಿನ್ನುವ ಸುಣ್ಣ ಹಾಕಿ ಕುದಿಸಿ, ರಾತ್ರಿ ಅದೇ ನೀರಲ್ಲಿ ಬಿಡುತ್ತಾರೆ. ಬೆಳಗ್ಗೆ ಅಂಗೈಯಲ್ಲಿ ಉಜ್ಜಿದರೆ ಸಿಪ್ಪೆ ಲೋಳೆಯಾಗಿ ಜಾರುತ್ತದೆ. ನೀರು ತಿಳಿಯಾಗುವವರೆಗೆ ತೊಳೆದು ರುಬ್ಬಿದರೆ ಹಿಟ್ಟು ಮುದ್ದೆ ಕಟ್ಟುತ್ತದೆ, ತಟ್ಟಿದರೆ ಬಿರಿಯುವುದಿಲ್ಲ. ಕಾಳಿನೊಳಗಿನ ನಯಾಸಿನ್ ಎಂಬ ಬಿ ಜೀವಸತ್ವ ಮೈಗೆ ಹತ್ತುವುದೂ ಸುಣ್ಣದಿಂದಲೇ. 20ನೇ ಶತಮಾನದ ಆರಂಭದಲ್ಲಿ ಇದೇ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಸುಣ್ಣ ಕಾಣದ ಗೋವಿನಜೋಳದ ಹಿಟ್ಟನ್ನೇ ನಂಬಿಕೊಂಡಿದ್ದ ಬಡವರನ್ನು, ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರ ರೋಗ ಹಣ್ಣು ಮಾಡಿತ್ತು. ನಮ್ಮ ಮನೆಗಳಲ್ಲಿ ಸುಣ್ಣ ಎಲೆಯಡಿಕೆ ತಟ್ಟೆಯಲ್ಲೇ ಇರುತ್ತದೆ. ಅದನ್ನು ಕಾಳಿಗೆ ಹಾಕಿ ನೋಡೋಣ ಅಂತ ಯಾರಿಗೂ ಅನಿಸಲಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ಬೆಳೆದದ್ದನ್ನೆಲ್ಲ ಲಾರಿಗೆ ಹೇರಿ, ಅದರ ಬಿಳಿ ಪುಡಿಯನ್ನು ದುಡ್ಡು ಕೊಟ್ಟು ತರುತ್ತೇವೆ.

ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಬಿಳಿಜೋಳದ ರೊಟ್ಟಿ ಬಿಟ್ಟು ಅದನ್ನ್ಯಾಕ ತಿನ್ನಬೇಕೋ?" ಎಂದಳು. ಸರಿ, ಜೋಳ, ರಾಗಿ ಕೈಯಲ್ಲಿರುವ ಜನಕ್ಕೆ ಇನ್ನೊಂದು ರೊಟ್ಟಿಯ ದರ್ದು ಇರಲಿಲ್ಲ, ಒಪ್ಪುತ್ತೇನೆ. ಗೋವಿನಜೋಳದ ನುಚ್ಚು, ರೊಟ್ಟಿ ಮಾಡುವ ಮನೆಗಳೂ ನಮ್ಮ ಕಡೆ ಇವೆ. ಗೋಬಿ ಮಂಚೂರಿಯ ಗರಿಗರಿ ಅಕ್ಕಿಹಿಟ್ಟೊಂದರಲ್ಲೇ ಪೂರ್ತಿ ಬರುವುದಿಲ್ಲ ಅನ್ನುವುದೂ ನಿಜ.

ಆದರೂ ಈ ಸುಗ್ಗಿಗೆ ಒಂದು ಸೇರು ಮನೆಗೆ ತೆಗೆದಿಡು ಅಂತ ಅತ್ತಿಗೆಗೆ ಹೇಳಿದ್ದೇನೆ. ಬಿತ್ತನೆ ಬೀಜ ಮಾತ್ರ ಬೇಡ, ಅದಕ್ಕೆ ಔಷಧಿ ಹಚ್ಚಿರುತ್ತಾರೆ. ಬೂಸಲು ಬಂದ ಕಾಳೂ ಬೇಡ.