ಜೈಸ್ಟ್ ಕಾಡಿನ ಕೋರ್ಟು

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಗುಂಡಿಟ್ಟು ಕೊಂದರು. ಮರುದಿನ ಶಿವಮೊಗ್ಗದಿಂದ ಚಿಕ್ಕಪ್ಪ ಫೋನ್ ಮಾಡಿದರು. ಸತ್ತವರಲ್ಲಿ ಶಿವಮೊಗ್ಗದವರೂ ಒಬ್ಬರು ಇದ್ದರು. ಚಿಕ್ಕಪ್ಪನ ದನಿ ನಡುಗುತ್ತಿತ್ತು. "ನುಗ್ಗಿ ಹೊಡೀಬೇಕು ಕಣೋ, ಇನ್ನೇನು ಮಾತು?" ಅಂದರು. ನಾನು ವಿಚಾರಣೆ, ಕೋರ್ಟು ಅಂತ ಏನೋ ಹೇಳಲು ಹೋದೆ. "ನೀನು ದೂರ ಕೂತ್ಕೊಂಡು ಹೇಳ್ತೀಯ ಮಾರಾಯ" ಅಂದು ಸುಮ್ಮನಾದರು.

ಅವರ ಸಿಟ್ಟು ಸುಳ್ಳಲ್ಲ. ನನಗೂ ಅವತ್ತು ಊಟ ಸೇರಲಿಲ್ಲ. ಆದರೂ ನಾನು ಅಂದದ್ದು ದೂರ ಕೂತವನ ಮಾತು ಮಾತ್ರ ಅಲ್ಲ. ನಾನಿರುವುದು ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ. ಇಲ್ಲಿಂದ ಸೈಕಲ್ ತುಳಿದರೆ ಒಂದು ಗಂಟೆಯೊಳಗೆ ಜೈಸ್ಟ್ ಹತ್ತಿರದ ಹಳೆಯ ವಾಯುನೆಲೆ ಸಿಗುತ್ತದೆ. ಸುತ್ತ ಕಾಡು. ಭಯೋತ್ಪಾದನೆಗೆ ಕಾನೂನಿನಿಂದ ಉತ್ತರ ಕೊಡಬಹುದು ಅಂತ ನಾನು ನಂಬಿದ್ದು ಆ ಜಾಗದ ಕತೆ ತಿಳಿದ ಮೇಲೆ. ಚಿಕ್ಕಪ್ಪನಿಗೆ ಅವತ್ತು ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1986ರ ಏಪ್ರಿಲ್ 5ರಂದು ಪಶ್ಚಿಮ ಬರ್ಲಿನ್‌ನ ಒಂದು ಡಿಸ್ಕೋದಲ್ಲಿ ಬಾಂಬ್ ಸಿಡಿಯಿತು. ಅಮೆರಿಕದ ಇಬ್ಬರು ಸೈನಿಕರು, ಟರ್ಕಿಯ ಒಬ್ಬ ಹೆಣ್ಣುಮಗಳು ಸತ್ತರು. ಇದರ ಹಿಂದೆ ಲಿಬಿಯಾ ಇದೆ ಅಂತ ಅಮೆರಿಕ ಹೇಳಿತು. ಹತ್ತೇ ದಿನದಲ್ಲಿ ಅಲ್ಲಿನ ಅಧ್ಯಕ್ಷ ರೇಗನ್ ಸರ್ಕಾರದ ವಿಮಾನಗಳು ಲಿಬಿಯಾದ ಟ್ರಿಪೋಲಿ, ಬೆಂಗಾಜಿ ನಗರಗಳ ಮೇಲೆ ಬಾಂಬ್ ಹಾಕಿದವು. ಹತ್ತಾರು ಜನ ಸತ್ತರು, ಮನೆಯಲ್ಲಿ ಮಲಗಿದ್ದವರೂ ಸತ್ತರು. ಇನ್ನು ಲಿಬಿಯಾದ ನಾಯಕ ಗಡಾಫಿ ಬಾಲ ಬಿಚ್ಚುವುದಿಲ್ಲ ಅಂತ ಅನೇಕರು ಅಂದುಕೊಂಡರು.

ಮುಂದಿನದು 1988ರ ಡಿಸೆಂಬರ್ 21. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೊರಟ ಪ್ಯಾನ್ ಆಮ್ 103 ವಿಮಾನ ಸ್ಕಾಟ್ಲೆಂಡಿನ ಲಾಕರ್ಬಿ ಎಂಬ ಪುಟ್ಟ ಊರಿನ ಮೇಲೆ ಬಾಂಬ್ ಸಿಡಿದು ಆಕಾಶದಲ್ಲೇ ಒಡೆಯಿತು. ವಿಮಾನದಲ್ಲಿದ್ದ 259 ಜನ, ಊರಿನ 11 ಜನ, ಒಟ್ಟು 270 ಜೀವ ಹೋಯಿತು. ರಜೆಗೆ ಮನೆಗೆ ಹೊರಟಿದ್ದ 35 ವಿದ್ಯಾರ್ಥಿಗಳು ಒಂದೇ ವಿಶ್ವವಿದ್ಯಾಲಯದವರು, ಸಿರಾಕ್ಯೂಸ್‌ನವರು.

ಆಮೇಲೆ ಆ ಊರು ಮಾಡಿದ ಕೆಲಸ ನೆನೆದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ. ಪೊಲೀಸರು, ಸೈನಿಕರು, ಊರವರು ಹೊಲ, ಗುಡ್ಡ, ಕಾಡೆಲ್ಲ ಹೆಜ್ಜೆ ಹೆಜ್ಜೆ ಹುಡುಕಿದರು. ಚೂರುಗಳು ಎರಡು ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ ಜಾಗದಲ್ಲಿ ಬಿದ್ದಿದ್ದವು. ಲಾಕರ್ಬಿಯ ಹೆಂಗಸರು ಸತ್ತವರ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿ ಅವರವರ ಮನೆಗೆ ಕಳಿಸಿಕೊಟ್ಟರು. ಬಾಂಬ್ ಇದ್ದ ಸೂಟ್‌ಕೇಸಿನ ಬಟ್ಟೆಯ ಚಿಂದಿಗಳು ಸಿಕ್ಕವು. ಅದರ ಜಾಡು ಹಿಡಿದು ಪೊಲೀಸರು ಮಾಲ್ಟಾ ದ್ವೀಪದ ಒಂದು ಬಟ್ಟೆ ಅಂಗಡಿಗೆ ಹೋದರು. ಉಗುರಿನಷ್ಟು ಚಿಕ್ಕ ಸರ್ಕ್ಯೂಟ್ ಬೋರ್ಡ್ ಚೂರೊಂದು ಸಿಕ್ಕಿತು. 1991ರಲ್ಲಿ ಲಿಬಿಯಾದ ಇಬ್ಬರ ಮೇಲೆ ಆರೋಪ ಹೊರಿಸಿದರು. ಇಡೀ ಲಿಬಿಯಾದ ಮೇಲಲ್ಲ, ಹೆಸರು, ಮುಖ ಇರುವ ಇಬ್ಬರ ಮೇಲೆ.

ಅಮೆರಿಕ ಈ ಸಲ ಬಾಂಬ್ ಹಾಕಲಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಹೋಯಿತು. 1992ರಲ್ಲಿ ಮಂಡಳಿಯ ದಿಗ್ಬಂಧನದಿಂದ ಲಿಬಿಯಾದ ವಿಮಾನ ಸಂಚಾರ ನಿಂತಿತು, ಅದಕ್ಕೆ ಶಸ್ತ್ರ ಮಾರಾಟ ನಿಂತಿತು. ಲಿಬಿಯಾ ತಾನೇ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಬಾಗಿಲು ತಟ್ಟಿತು. ನಮ್ಮವರನ್ನು ವಿಚಾರಿಸುವ ಹಕ್ಕು ನಮ್ಮದು ಅಂತ ವಾದಿಸಿತು. ವರ್ಷಗಟ್ಟಲೆ ಎಳೆದಾಟ ನಡೆಯಿತು. ದಿಗ್ಬಂಧನದಲ್ಲಿ ಲಿಬಿಯಾದ ಸಾಮಾನ್ಯ ಜನರಿಗೂ ಕಷ್ಟ ಆಯಿತು, ಅದನ್ನು ಮುಚ್ಚಿಡಬಾರದು. ಕೊನೆಗೆ ದಾರಿ ತೋರಿಸಿದವರು ಲಾಕರ್ಬಿಯಲ್ಲೇ ಹುಟ್ಟಿದ ಕಾನೂನು ಪ್ರಾಧ್ಯಾಪಕ ರಾಬರ್ಟ್ ಬ್ಲ್ಯಾಕ್. ಕಾನೂನು ಸ್ಕಾಟ್ಲೆಂಡಿನದು ಇರಲಿ, ಕೋರ್ಟು ಮೂರನೇ ದೇಶದಲ್ಲಿ ಕೂರಲಿ ಅಂದರು. ನೆಲ್ಸನ್ ಮಂಡೇಲಾ ಗಡಾಫಿಯ ಜೊತೆ ಮಾತಾಡಿ ಒಪ್ಪಿಸಲು ದುಡಿದರು. 1999ರ ಏಪ್ರಿಲ್ 5ರಂದು ಆ ಇಬ್ಬರನ್ನು ಇಲ್ಲಿಗೆ, ನೆದರ್ಲೆಂಡ್ಸಿಗೆ, ಕರೆತಂದರು.

ನನ್ನ ಮನೆಯ ಹತ್ತಿರದ ಕಾಡಿನಲ್ಲಿ ಹೀಗೆ ಒಂದಿಷ್ಟು ಜಾಗ ಆ ವಿಚಾರಣೆಗಾಗಿ ಸ್ಕಾಟ್ಲೆಂಡಿನ ಕಾನೂನಿನ ಕೆಳಗೆ ಬಂತು. ಕಾವಲಿಗೆ ಸ್ಕಾಟ್ಲೆಂಡಿನ ಪೊಲೀಸರೇ ಬಂದರು. 2000ದ ಮೇ 3ರಂದು ವಿಚಾರಣೆ ಶುರುವಾಯಿತು. 2001ರ ಜನವರಿ 31ರಂದು ನ್ಯಾಯಾಧೀಶರು ಅಲ್ ಮೆಗ್ರಾಹಿಗೆ ಜೀವಾವಧಿ ಶಿಕ್ಷೆ ಕೊಟ್ಟರು. ಇನ್ನೊಬ್ಬ, ಫಿಮಾ, ತಪ್ಪಿತಸ್ಥನಲ್ಲ ಅಂತ ಬಿಟ್ಟು ಕಳಿಸಿದರು. 2003ರಲ್ಲಿ ಲಿಬಿಯಾ ಹೊಣೆ ಒಪ್ಪಿ, 270 ಜನರ ಮನೆಯವರಿಗೆ ಒಟ್ಟು 270 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿತು.

ಒಂದೇ ಅಮೆರಿಕ, ಒಂದೇ ಗಡಾಫಿ. ಒಮ್ಮೆ ವಿಮಾನ ಕಳಿಸಿದರು, ಇನ್ನೊಮ್ಮೆ ವಕೀಲರನ್ನು ಕಳಿಸಿದರು. ಮೊದಲನೆಯದಾದ ಎರಡೂವರೆ ವರ್ಷಕ್ಕೆ ಲಾಕರ್ಬಿ ನಡೆಯಿತು. ಎರಡನೆಯದು ಹನ್ನೆರಡು ವರ್ಷ ಹಿಡಿಯಿತು, ಆದರೆ ಒಬ್ಬ ಜೈಲಿಗೆ ಹೋದ, ಒಂದು ಸರ್ಕಾರ ಬರೆದು ಒಪ್ಪಿಕೊಂಡಿತು. ಬರ್ಲಿನ್ ಡಿಸ್ಕೋದ ಬಾಂಬಿಗೂ ಕೊನೆಗೆ ಶಿಕ್ಷೆ ಕೊಟ್ಟದ್ದು ಬರ್ಲಿನ್‌ನ ಕೋರ್ಟು. 2001ರ ನವೆಂಬರ್‌ನಲ್ಲಿ ನಾಲ್ವರು ಅಪರಾಧಿಗಳು ಅಂತ ತೀರ್ಪಾಯಿತು. ಟ್ರಿಪೋಲಿಯ ಮೇಲೆ ಬಿದ್ದ ಬಾಂಬುಗಳು ಆ ನಾಲ್ವರಲ್ಲಿ ಒಬ್ಬರನ್ನೂ ಕಟಕಟೆಗೆ ತಂದಿರಲಿಲ್ಲ.

ಆ ತೀರ್ಪು ಬರುವ ಹೊತ್ತಿಗೆ ಅಫ್ಘಾನಿಸ್ತಾನದ ಯುದ್ಧ ಶುರುವಾಗಿ ತಿಂಗಳು ಕಳೆದಿತ್ತು. ಸೆಪ್ಟೆಂಬರ್ 11ರ ದಾಳಿಯಲ್ಲಿ 2,977 ಜನ ಸತ್ತಿದ್ದರು. ಇಪ್ಪತ್ತು ವರ್ಷ ಯುದ್ಧ ನಡೆಯಿತು. 2021ರ ಆಗಸ್ಟ್‌ನಲ್ಲಿ ಕಾಬೂಲ್ ಮತ್ತೆ ತಾಲಿಬಾನ್ ಕೈಗೆ ಹೋಯಿತು. ದಾಳಿಯ ಸಂಚು ಹೂಡಿದವನು ಅಂತ 2003ರಲ್ಲೇ ಹಿಡಿದ ಖಾಲಿದ್ ಶೇಖ್ ಮೊಹಮ್ಮದ್‌ನನ್ನು ಗುಪ್ತ ಜೈಲಿನಲ್ಲಿ ಹಿಂಸಿಸಿದರು. ಆ ಹಿಂಸೆಯೇ ಅಮೆರಿಕದ ಗ್ವಾಂಟಾನಮೋ ಸೇನಾ ನೆಲೆಯಲ್ಲಿನ ಅವನ ಮೊಕದ್ದಮೆಗೆ ದೊಡ್ಡ ತೊಡಕಾಯಿತು. ಸೆಪ್ಟೆಂಬರ್ 11ರಂದು ಉರುಳಿದ ವರ್ಲ್ಡ್ ಟ್ರೇಡ್ ಸೆಂಟರ್‌ಗೆ 1993ರಲ್ಲೇ ಬಾಂಬ್ ಇಟ್ಟಿದ್ದ ರಮ್ಜಿ ಯೂಸೆಫ್‌ಗೆ ನ್ಯೂಯಾರ್ಕ್‌ನ ಮಾಮೂಲಿ ಕೋರ್ಟು 1998ರಲ್ಲೇ 240 ವರ್ಷದ ಶಿಕ್ಷೆ ಹಾಕಿತ್ತು. ಹಾಗಾದರೆ ಯಾವುದು ಬಲ, ಯಾವುದು ದುರ್ಬಲ?

ನಾನು ಬಂದೂಕೇ ಬೇಡ ಅನ್ನುವವನಲ್ಲ. ಹೋಟೆಲಿಗೆ ನುಗ್ಗಿ ಕೊಲ್ಲುತ್ತಿರುವವನನ್ನು ಕಮಾಂಡೋನೇ ತಡೆಯಬೇಕು. ನಮ್ಮ ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ 2008ರ ಮುಂಬೈ ದಾಳಿಯಲ್ಲಿ ತಾಜ್ ಹೋಟೆಲಿನಲ್ಲಿ ಜೀವ ಕೊಟ್ಟದ್ದು ಅದಕ್ಕೇ. ನನ್ನ ಪ್ರಶ್ನೆ ಅದರ ಮುಂದಿನದು: ದಾಳಿ ಮುಗಿದ ಮೇಲೆ, ತಪ್ಪು ಯಾರದು ಅಂತ ತೀರ್ಮಾನಿಸುವ ಕೆಲಸ ಯಾರಿಗೆ ಕೊಡಬೇಕು?

ಇದಕ್ಕೆ ನಮ್ಮ ದೇಶವೇ ಒಂದು ಒಳ್ಳೆಯ ಉತ್ತರ ಕೊಟ್ಟಿದೆ. ಮುಂಬೈನ ಆ ರಾತ್ರಿ ಸಹಾಯಕ ಸಬ್ ಇನ್ಸ್‌ಪೆಕ್ಟರ್ ತುಕಾರಾಂ ಓಂಬಳೆ ದಾಳಿಕೋರ ಕಸಬ್‌ನ ಬಂದೂಕಿನ ನಳಿಗೆಯನ್ನು ಬರಿಗೈಯಲ್ಲಿ ಹಿಡಿದರು. ಗುಂಡುಗಳನ್ನು ಮೈಮೇಲೆ ತೆಗೆದುಕೊಂಡರು, ಕೈ ಮಾತ್ರ ಬಿಡಲಿಲ್ಲ. ಆತ ಜೀವಂತ ಸಿಕ್ಕ. ಆತನಿಗೆ ವಕೀಲರನ್ನು ಕೊಟ್ಟೆವು. ಸುಪ್ರೀಂ ಕೋರ್ಟಿನವರೆಗೂ ಮೇಲ್ಮನವಿಗೆ ಅವಕಾಶ ಕೊಟ್ಟೆವು. ಅವನ ಜೊತೆ ಆರೋಪ ಹೊತ್ತಿದ್ದ ಇಬ್ಬರು ಭಾರತೀಯರ ಮೇಲೆ ಪುರಾವೆ ಸಾಲದು ಅಂತ, ಅವನಿಗೆ ಮೊದಲು ಶಿಕ್ಷೆ ಕೊಟ್ಟ ವಿಚಾರಣಾ ಕೋರ್ಟೇ ಅವರನ್ನು ಖುಲಾಸೆ ಮಾಡಿತು. 166 ಜನ ಸತ್ತ ನೋವಿನ ನಡುವೆಯೂ ಹಾಗೆ ಬೇರ್ಪಡಿಸಿ ನೋಡುವ ಶಕ್ತಿ ನಮಗಿತ್ತು. ಗಲ್ಲು ಶಿಕ್ಷೆಯನ್ನು ನಾನು ಒಪ್ಪುವುದಿಲ್ಲ, ಅದು ಬೇರೆ ಮಾತು. ಆ ವಿಚಾರಣೆಯ ಬಗ್ಗೆ ಮಾತ್ರ ಇಲ್ಲಿ ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ.

ಕೋರ್ಟಿನ ದಾರಿಯಲ್ಲಿ ತೊಡಕು ಬಹಳ ಇದೆ. ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನ ಪಟ್ಟಿಯಲ್ಲಿ ಭಯೋತ್ಪಾದನೆ ಎಂಬ ಪ್ರತ್ಯೇಕ ಅಪರಾಧವೇ ಇಲ್ಲ. ಭಾರತವೂ ಅಮೆರಿಕವೂ ಅದಕ್ಕೆ ಸೇರಿಲ್ಲ. ಸೇರಬೇಕು ಅಂತ ನನ್ನ ಆಸೆ. ಮೆಗ್ರಾಹಿಯ ತೀರ್ಪು ಸರಿಯೇ ಅಂತ ಸತ್ತವರ ಮನೆಯವರಲ್ಲೇ ಕೆಲವರು ಇಂದಿಗೂ ಕೇಳುತ್ತಾರೆ. ಆತ ಸತ್ತ ಮೇಲೂ ಮನೆಯವರು ಮೇಲ್ಮನವಿ ಹಾಕಿದರು, 2021ರಲ್ಲಿ ಅದು ವಜಾ ಆಯಿತು. ಕೇಳಲಿ, ಕೇಳಬೇಕು. ಸಾಕ್ಷಿ, ಕಾಗದ ಎಲ್ಲ ಅಲ್ಲಿದೆ, ಮತ್ತೆ ತೆಗೆದು ನೋಡಬಹುದು. ಟ್ರಿಪೋಲಿಯಲ್ಲಿ ರಾತ್ರಿ ಮಲಗಿದ್ದಲ್ಲೇ ಸತ್ತವರಿಗೆ ಎಲ್ಲಿಯ ಮೇಲ್ಮನವಿ?

ಇಲ್ಲಿ ಇನ್ನೊಂದು ವಿಚಾರಣೆ ನಡೆದಾಗ ನಾನೇ ಸಂಜೆ ಕೂತು ನೋಡಿದ್ದೇನೆ. 2014ರಲ್ಲಿ ಉಕ್ರೇನ್ ಮೇಲೆ ಹೊಡೆದುರುಳಿಸಿದ ಎಂಎಚ್17 ವಿಮಾನದ ಮೊಕದ್ದಮೆ ಅದು. ಸತ್ತ 298 ಜನರಲ್ಲಿ 196 ಜನ ಇಲ್ಲಿಯವರು. ಶಿಪೋಲ್ ವಿಮಾನ ನಿಲ್ದಾಣದ ಪಕ್ಕದ ಕೋರ್ಟಿನಲ್ಲಿ ನಡೆದ ಕಲಾಪವನ್ನು ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ನೇರವಾಗಿ, ಇಂಗ್ಲಿಷ್ ಅನುವಾದದ ಜೊತೆ ನೋಡಬಹುದಿತ್ತು. ಮನೆಯವರು ಒಬ್ಬೊಬ್ಬರಾಗಿ ಎದ್ದು ನಿಂತು ತಾವು ಕಳೆದುಕೊಂಡವರ ಬಗ್ಗೆ ಮಾತಾಡಿದರು. ಆರೋಪಿಗಳು ಬರಲೇ ಇಲ್ಲ. 2022ರಲ್ಲಿ ಮೂವರಿಗೆ ಅವರಿಲ್ಲದೆಯೇ ಜೀವಾವಧಿ ಶಿಕ್ಷೆ ಆಯಿತು, ನಾಲ್ಕನೆಯವನು ಖುಲಾಸೆಯಾದ. ಕೈಗೆ ಸಿಗದ ಅಪರಾಧಿಗಳು. ಆದರೂ ಅಂದು ಏನು ನಡೆಯಿತು, ಕ್ಷಿಪಣಿ ಎಲ್ಲಿಂದ ಬಂತು ಅನ್ನುವುದು ಆ ಮನೆಯವರಿಗೆ ಕೋರ್ಟಿನ ಬಾಯಿಂದ ಸಿಕ್ಕಿತು.

ಮುಂಬೈ ದಾಳಿಯ ಆರೋಪಿ ತಹವ್ವುರ್ ರಾಣಾನನ್ನು ಅಮೆರಿಕದ ಕೋರ್ಟುಗಳಲ್ಲಿ ವರ್ಷಗಟ್ಟಲೆ ಹೋರಾಡಿ 2025ರ ಏಪ್ರಿಲ್‌ನಲ್ಲಿ ದಿಲ್ಲಿಗೆ ತಂದೆವು, ಪಹಲ್ಗಾಮ್‌ಗೆ ಎರಡೇ ವಾರ ಮೊದಲು. ಆ ಮೊಕದ್ದಮೆಯೂ ಶಿಪೋಲ್‌ನ ಹಾಗೆ ಎಲ್ಲರ ಕಣ್ಣೆದುರು ನಡೆಯಬೇಕು. ಮುಂಬೈನಲ್ಲಿ ಸತ್ತ 166 ಜನರ ಮನೆಯವರಿಗೆ ಎದ್ದು ಮಾತಾಡುವ ಅವಕಾಶ ಸಿಗಬೇಕು. ದಿನದಿನದ ವಾದ, ಸಾಕ್ಷಿ ಕನ್ನಡದಲ್ಲೂ ಬರಬೇಕು, ಶಿವಮೊಗ್ಗದ ಮನೆಯಲ್ಲಿ ಕೂತು ಚಿಕ್ಕಪ್ಪ ಓದುವ ಹಾಗೆ.