ಟೊಂಕದ ಪಕ್ಕದ ಗುಬಟು

ಕಲಬುರಗಿಯ ಅಪ್ಪನ ಕೆರೆ ಸುತ್ತ ಬೆಳಗ್ಗೆ ಕುಂಟುತ್ತ ನಡೆದವರಿಗೆ ಒಂದು ಸುತ್ತು ಮುಗಿಯುವುದರೊಳಗೆ ಮೂರು ರೋಗ ಗಂಟುಬೀಳುತ್ತವೆ. "ಯಾಕ್ರೀ ಅಕ್ಕೋರೆ, ಕುಂಟ್ಲಕತ್ತೀರಿ?" ಎಂದವರೇ ಉತ್ತರವನ್ನೂ ಕೊಡುತ್ತಾರೆ: ವಾಯು, ಸಯಾಟಿಕಾ (ಬೆನ್ನಿನಿಂದ ಕಾಲಿಗಿಳಿಯುವ ನರದ ನೋವು), ಕೀಲು ಸವೆತ. ನಾಲ್ಕನೆಯವರು ಸೀದಾ ಆಪರೇಷನ್ನಿಗೆ ಸೋಲಾಪುರದ ದಾರಿ ತೋರಿಸುತ್ತಾರೆ.

ನೋವು ಎಲ್ಲಿದೆ ಎಂದು ಕೈಯಿಟ್ಟು ತೋರಿಸಿದರೆ ಅರ್ಧ ಕೆಲಸ ಮುಗಿಯಿತು. ಕೈ ತೊಡೆಸಂದಿಗೆ ಹೋಗಿ, ಸಾಕ್ಸ್ ಹಾಕಿಕೊಳ್ಳುವುದೇ ಕಷ್ಟವಾಗಿದ್ದರೆ ಅನುಮಾನ ಕೀಲಿನ ಮೇಲೆ. ನೋವು ಮೊಣಕಾಲು ದಾಟಿ ಇಳಿದು ಪಾದ ಜೋಮು ಹಿಡಿದರೆ ಬೆನ್ನಿನ ಮೇಲೆ. ಜೇಬಿನ ಪಕ್ಕ ಹೊರಗೆ ಉಬ್ಬಿದ ಎಲುಬಿನ ಗುಬಟನ್ನೇ ಒತ್ತಿ "ಇಲ್ಲೇ!" ಎಂದು ಕೂಗಿದರೆ ಅನುಮಾನ ಸ್ನಾಯುರಜ್ಜಿನ ಮೇಲೆ, ಅಂದರೆ ಸ್ನಾಯುವನ್ನು ಎಲುಬಿಗೆ ಬಿಗಿಯುವ ಹುರಿಯ ಮೇಲೆ. ಗ್ಲೂಟಿಯಸ್ ಮೀಡಿಯಸ್, ಮಿನಿಮಸ್ ಎಂಬ ಪಿರ್ರೆಯ ಸ್ನಾಯುಗಳು ಎಲುಬಿಗೆ ಅಂಟಿರುವ ಜಾಗ ಅದು. ಗೋಡೆಗೆ ಬೆರಳು ತಾಗಿಸಿ ಆ ಕಾಲಮೇಲೆ 30 ಸೆಕೆಂಡ್ ನಿಲ್ಲಿ. ಅಷ್ಟರೊಳಗೆ ಅಲ್ಲೇ ನೋವೆದ್ದರೆ ಅನುಮಾನ ಗಟ್ಟಿ. 40 ದಾಟಿದ ಹೆಂಗಸರಲ್ಲಿ ಇದು ಹೆಚ್ಚು.

ತೊಡೆ ಒಳಗೆ ವಾಲಿದಷ್ಟೂ ರಜ್ಜು ಎಲುಬಿಗೆ ಒತ್ತಿ ಹಿಂಡಿಸಿಕೊಳ್ಳುತ್ತದೆ. ಕೂಸನ್ನು ಟೊಂಕದ ಮೇಲೆ ಕೂರಿಸಿ ಒಂದೇ ಕಾಲಿಗೆ ಭಾರ ಹಾಕಿ ಹರಟೆಗೆ ನಿಂತಾಗ ಆಗುವುದು ಅದೇ. ಕಾಲ ಮೇಲೆ ಕಾಲು ಹಾಕಿ ಕೂತಾಗಲೂ ಅಷ್ಟೇ. ರಾತ್ರಿ ಮಗ್ಗುಲು ಬದಲಿಸಿದರೂ ಬಿಡುಗಡೆಯಿಲ್ಲ, ಮೇಲಿನ ಕಾಲು ಮುಂದಕ್ಕೆ ಜೋತುಬೀಳುತ್ತದೆ. ಮೊಣಕಾಲುಗಳ ನಡುವೆ ದಪ್ಪ ದಿಂಬು ಇಡಬೇಕು. ಎಲ್ಲಕ್ಕಿಂತ ಮಜಾ ಎಂದರೆ "ಬಿಗಿಯಾಗ್ಯಾದ, ಎಳೀರಿ" ಎಂಬ ಸಲಹೆ. ಕಾಲನ್ನು ಎದೆಗೆ ಅಡ್ಡ ಎಳೆದ ಹೊತ್ತಿಗೆ ಹಿತ, ರಾತ್ರಿ ಬಡ್ಡಿ ಸಮೇತ ವಸೂಲಿ.

ಹಾಗಂತ ಹಾಸಿಗೆ ಹಿಡಿಯಬಾರದು, ರಜ್ಜು ಇನ್ನೂ ಸೊರಗುತ್ತದೆ. ಓಟ, ಕೋಟೆಯ ಏರು ಸದ್ಯಕ್ಕೆ ಬಿಟ್ಟು ಸಮತಟ್ಟು ನಡಿಗೆ ಸಾಕು. ಅಂಗಾತ ಮಲಗಿ, ಮೊಣಕಾಲ ಕೆಳಗೆ ದಿಂಬಿಟ್ಟು, ತೊಡೆಗಳಿಗೆ ಹಳೆ ದುಪಟ್ಟಾ ಸುತ್ತಿ ಹೊರಕ್ಕೆ ಮೆಲ್ಲಗೆ ಒತ್ತಿ ಹಿಡಿಯುವುದು ಮೊದಲ ಮೆಟ್ಟಿಲು. ಆಮೇಲೆ ಸೊಂಟ ಎತ್ತುವ ಬ್ರಿಜ್, ಒಂದು ಮೆಟ್ಟಿಲು ಹತ್ತಿಳಿಯುವುದು. ಮಾಡುವಾಗಿನ ನೋವು 10ಕ್ಕೆ 4 ದಾಟಬಾರದು, ಮರುದಿನ ಬೆಳಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಎರಡು–ಮೂರು ತಿಂಗಳ ಕೆಲಸ. ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಜ್ವರವಿದ್ದರೆ ಇದಾವುದೂ ಬೇಡ, ಮೊದಲು ಡಾಕ್ಟರ್.

ಸ್ಟೆರಾಯ್ಡ್ ಇಂಜೆಕ್ಷನ್ನಿನ ಆಸೆ ಎಲ್ಲರಿಗೂ ಇದೆ. ಆಸ್ಟ್ರೇಲಿಯಾದಲ್ಲಿ ಇದೇ ನೋವಿನ 204 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 8 ವಾರಕ್ಕೆ ತಿಳಿವಳಿಕೆ–ವ್ಯಾಯಾಮದವರಲ್ಲಿ ಶೇ. 77, ಇಂಜೆಕ್ಷನ್ನಿನವರಲ್ಲಿ ಶೇ. 58, ಕಾದು ನೋಡಿದವರಲ್ಲಿ ಶೇ. 29 ಮಂದಿ ಸುಧಾರಿಸಿದ್ದರು. ವರ್ಷ ಕಳೆದಾಗ ಇಂಜೆಕ್ಷನ್ನಿನವರು ಶೇ. 58ರಲ್ಲೇ ನಿಂತಿದ್ದರು, ಕಾದು ನೋಡಿದವರು ಶೇ. 52ಕ್ಕೆ ಬಂದಿದ್ದರು.